ರೋಹಿಣಿ ಮಳೆಗೇ ಮೆಣಸಿನಕಾಯಿ ಬೀಜ ಹಾಕ್ರಿ

ಕೊಪ್ಪಳ, ಗಂಗಾವತಿ ಕಡೆಯ ರೈತ ಬಂಧುಗಳೇ, ಮೆಣಸಿನ ಸಸಿ ನಾಟಿಗೆ ಬರಲು 40 ದಿನವಾದರೂ ಬೇಕು. ಮೇ 25ರ ಸುಮಾರಿಗೆ ರೋಹಿಣಿ ಕೂಡಿದಾಗಲೇ ಬೀಜ ಹಾಕಿದರೆ ಪುನರ್ವಸು ಮಳೆಗೆ ಸಸಿ ಕೈಗೆ ಸಿಗುತ್ತವೆ. ಟೊಮೆಟೊಗೆ ಇಷ್ಟು ಅವಸರ ಬೇಡ, ಅದಕ್ಕೆ 25 ದಿನ ಸಾಕು.

ಎರಿ ಮಣ್ಣಿದ್ದರೆ ಮಡಿ ಅರ್ಧ ಅಡಿ ಎತ್ತರ ಇರಲೇಬೇಕು. ನೀರು ನಿಂತರೆ ಸಸಿ ಬುಡದಲ್ಲೇ ಕೊಳೆತು ಮಲಗುತ್ತವೆ. ಬೀಜಕ್ಕೆ ಟ್ರೈಕೊಡರ್ಮಾ (ಕೊಳೆ ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಸವರಿ, ಸಾಲಿನಲ್ಲಿ ತೆಳ್ಳಗೆ ಹಾಕಿ, ಮೇಲೆ ಭತ್ತದ ಹುಲ್ಲು ಹೊದಿಸಿ. ಎಂಟನೇ ದಿನದಿಂದ ಹುಲ್ಲು ಎತ್ತಿ ನೋಡುತ್ತಿರಿ. ಬಿಳಿ ಮೊಳಕೆ ಬಾಗಿ ಮೇಲೆದ್ದಿದ್ದರೆ ಅಂದೇ ಸಂಜೆ ಹುಲ್ಲು ತೆಗೆಯಿರಿ, ತಡಮಾಡಿದರೆ ಸಸಿ ಸೊರಗಿ ಉದ್ದವಾಗುತ್ತವೆ. ಆಮೇಲೆ ಸೊಳ್ಳೆ ಪರದೆಯಂಥ ಬಲೆ ಕಟ್ಟಿ. ಎಲೆ ಮುದುಡಿಸುವ ಮುಟುರು ರೋಗ ತರುವ ಬಿಳಿನೊಣ ಎಳೆ ಸಸಿಗೇ ಮೊದಲು ಬರುವುದು.