ನ್ಯೂ ಜೆರ್ಸಿಗೆ ಹೊಸದಾಗಿ ಬಂದ ಕುಟುಂಬಗಳಿಗೆ: ಏನು ತೆರೆದಿದೆ, ಯಾರನ್ನು ಕೇಳಬೇಕು (ಸೆಪ್ಟೆಂಬರ್ 2020)

ನಮಸ್ಕಾರ. ಇದು 2020ರ ಸೆಪ್ಟೆಂಬರಿನಲ್ಲಿ ಬರೆದದ್ದು; ಇಲ್ಲಿ ಹೇಳಿದ ಕೋವಿಡ್ ಕಾಲದ ನಿಯಮ, ಗಡುವುಗಳೆಲ್ಲ ಆ ಹೊತ್ತಿನವು, ಇಂದಿನವಲ್ಲ. ಕೋವಿಡ್ ಹಾವಳಿಯ ಈ ಬೇಸಿಗೆಯಲ್ಲಿ ನಮ್ಮ ಕನ್ನಡ ಸಂಘಕ್ಕೆ ಫೋನ್ ಮಾಡಿದವರಲ್ಲಿ ಬಹಳ ಜನ ಕೇಳಿದ್ದು ಒಂದೇ ಮಾತು: "ನ್ಯೂ ಜೆರ್ಸಿ ಈಗ ಓಪನ್ ಆಗಿದೆಯಾ?" ಟೆಕ್ಸಾಸಿನಿಂದ ಕೆಲಸ ಬದಲಾಯಿಸಿಕೊಂಡು ಬಂದವರು ಕೇಳಿದರು. ಊರಿಗೆ ಹೋಗಿ ವಿಮಾನವಿಲ್ಲದೆ ಸಿಕ್ಕಿಹಾಕಿಕೊಂಡು, ತಿಂಗಳುಗಟ್ಟಲೆ ಕಾದು ಮರಳಿದವರು ಕೇಳಿದರು. ಅಪ್ಪ ಅಮ್ಮನನ್ನು ಕರೆಸಿಕೊಂಡು ಈಗ ವಾಪಸ್ ಕಳಿಸುವ ದಾರಿ ಕಾಣದವರೂ ಕೇಳಿದರು. ಈ ಪ್ರಶ್ನೆಗೆ ಹೌದು, ಇಲ್ಲ ಎಂಬ ಒಂದೇ ಉತ್ತರವಿಲ್ಲ. ಹೋಟೆಲು, ಅಂಗಡಿ, ಜಿಮ್ಮುಗಳಿಗೆ ಗವರ್ನರ್ ಆದೇಶ. ನಿಮ್ಮ ಮಗುವಿನ ಶಾಲೆ ಹೇಗೆ ನಡೆಯುತ್ತದೆ ಎಂಬುದು ನಿಮ್ಮ ಶಾಲಾ ಡಿಸ್ಟ್ರಿಕ್ಟ್ ಲೆಕ್ಕ. ಲೈಬ್ರರಿ ನಿಮ್ಮ ಟೌನ್‌ಶಿಪ್ಪಿನದು. ಕೋವಿಡ್ ಪರೀಕ್ಷಾ ಕೇಂದ್ರಗಳನ್ನು ಅನೇಕ ಕಡೆ ಕೌಂಟಿ (ನಮ್ಮ ಜಿಲ್ಲೆ ಇದ್ದಂತೆ) ನೋಡಿಕೊಳ್ಳುತ್ತದೆ. ಸೋಶಿಯಲ್ ಸೆಕ್ಯುರಿಟಿ (ಕೆಲಸ, ತೆರಿಗೆಗೆ ಬೇಕಾದ ಸಂಖ್ಯೆ ಕೊಡುವ ಇಲಾಖೆ) ಮತ್ತು ವೀಸಾ ಅಮೆರಿಕದ ಕೇಂದ್ರ ಸರ್ಕಾರದ್ದು. 21 ಕೌಂಟಿ, 2020ರ ಲೆಕ್ಕಕ್ಕೆ 565 ಊರಾಡಳಿತಗಳಿರುವ ರಾಜ್ಯ ಇದು. ಎಡಿಸನ್‌ನಲ್ಲಿರುವ ಗೆಳೆಯರು ಹೇಳಿದ್ದು ಪ್ಲೇನ್ಸ್‌ಬರೋದಲ್ಲಿರುವ ನಿಮಗೆ ಹೊಂದದೇ ಇರಬಹುದು. ಯಾವ ಬಾಗಿಲು ಯಾರ ಕೈಯಲ್ಲಿದೆ ಎಂದು ಗೊತ್ತಾದರೆ ನಿಮ್ಮ ಅರ್ಧ ಓಡಾಟ ಉಳಿಯುತ್ತದೆ. ಅದಕ್ಕಾಗಿಯೇ ಈ ಬರಹ.

ಇಲ್ಲಿಯವರೆಗೆ ಆಗಿರುವುದು

ಗವರ್ನರ್ ಫಿಲ್ ಮರ್ಫಿ ಮಾರ್ಚ್ 9ರಂದು ತುರ್ತು ಪರಿಸ್ಥಿತಿ ಘೋಷಿಸಿದರು. ಮಾರ್ಚ್ 21ರ ರಾತ್ರಿಯಿಂದ ಎಲ್ಲರೂ ಮನೆಯಲ್ಲೇ ಇರಬೇಕೆಂಬ ಆದೇಶ ಬಂತು. ಅದು ತೆರವಾದದ್ದು ಜೂನ್ 9ಕ್ಕೆ. ಜೂನ್ 15ರಿಂದ ನಾವು ಮತ್ತೆ ತೆರೆಯುವ ಎರಡನೇ ಹಂತದಲ್ಲಿದ್ದೇವೆ. ಈ ಹಂತದೊಳಗೇ ಒಂದೊಂದಾಗಿ ಬಾಗಿಲು ತೆರೆಯುತ್ತ ಬಂದಿವೆ: ಜೂನ್ 22ಕ್ಕೆ ಕ್ಷೌರದಂಗಡಿ, ಜೂನ್ 29ಕ್ಕೆ ಮಾಲ್, ಸೆಪ್ಟೆಂಬರ್ 1ಕ್ಕೆ ಜಿಮ್, ಸೆಪ್ಟೆಂಬರ್ 4ಕ್ಕೆ ಸಿನಿಮಾ ಮಂದಿರ ಮತ್ತು ಹೋಟೆಲಿನ ಒಳಗಿನ ಊಟ. ಹೋಟೆಲಿನಲ್ಲಿ ಸಾಮರ್ಥ್ಯದ ಶೇ. 25ರಷ್ಟು ಜನರಿಗಷ್ಟೇ ಅವಕಾಶ.

ಹೋಟೆಲಿನ ಊಟದ ಕಥೆಯನ್ನು ಹೊಸಬರಿಗೆ ನಾವು ಬೇಕೆಂದೇ ಹೇಳುತ್ತೇವೆ. ಅದು ಜುಲೈ 2ಕ್ಕೇ ಶುರುವಾಗಬೇಕಿತ್ತು. ಮಾಲೀಕರು ಸಾಮಾನು ತರಿಸಿ, ಕೆಲಸದವರನ್ನು ಕರೆಸಿಕೊಂಡಿದ್ದರು. ಬೇರೆ ರಾಜ್ಯಗಳಲ್ಲಿ ಸೋಂಕು ಏರುತ್ತಿದೆ ಎಂದು ಜೂನ್ 29ರಂದು, ಅಂದರೆ ಮೂರೇ ದಿನ ಮೊದಲು, ಅದನ್ನು ತಡೆಹಿಡಿಯಲಾಯಿತು. ಆಮೇಲೆ ಎರಡು ತಿಂಗಳು ಕಾಯಬೇಕಾಯಿತು. ಆದ್ದರಿಂದ "ಮುಂದಿನ ವಾರ ತೆರೆಯುತ್ತಂತೆ" ಎಂಬ ಮಾತು ನಂಬಿ ಹಾಲ್‌ಗೆ ಮುಂಗಡ ಕೊಡಬೇಡಿ, ಟಿಕೆಟ್ ಕಾದಿರಿಸಬೇಡಿ. ಟ್ರೆಂಟನ್‌ನಲ್ಲಿ ಗವರ್ನರ್ ಮತ್ತು ಆರೋಗ್ಯ ಆಯುಕ್ತೆ ಜುಡಿತ್ ಪರ್ಸಿಕಿಲಿ ನಡೆಸುವ ಸುದ್ದಿಗೋಷ್ಠಿ ನೋಡಿದರೂ, ಆದೇಶದ ಸಂಖ್ಯೆ ಮತ್ತು ಅದು ಯಾವ ದಿನ, ಎಷ್ಟು ಗಂಟೆಯಿಂದ ಜಾರಿ ಎಂಬುದನ್ನು ರಾಜ್ಯದ ಕೋವಿಡ್ ಜಾಲತಾಣದಲ್ಲಿ ಒಮ್ಮೆ ಓದಿ. ವಾಟ್ಸಾಪಿನಲ್ಲಿ ಸುತ್ತುವ ಚಿತ್ರಗಳಲ್ಲಿ ಎಷ್ಟೋ ಬೇರೆ ರಾಜ್ಯದವು, ಎಷ್ಟೋ ಏಪ್ರಿಲ್ ತಿಂಗಳಿನವು.

ಮಾಸ್ಕ್ ವಿಷಯದಲ್ಲಿ ಗೊಂದಲವಿಲ್ಲ. ಅಂಗಡಿಯೊಳಗೆ ಏಪ್ರಿಲ್‌ನಿಂದ ಕಡ್ಡಾಯ. ಆರು ಅಡಿ ದೂರ ಇರಲಾಗದ ಕಡೆ ಹೊರಗೂ ಜುಲೈ 8ರಿಂದ ಕಡ್ಡಾಯ. ಎರಡು ವರ್ಷದೊಳಗಿನ ಮಕ್ಕಳಿಗೆ ಹಾಕಲೇಬೇಡಿ.

ಎಂವಿಸಿ: ಲೈಸೆನ್ಸ್ ಮತ್ತು ಗಾಡಿ

ನಮ್ಮಲ್ಲಿ ಆರ್‌ಟಿಓ ಇದ್ದಂತೆ ಇಲ್ಲಿ ಮೋಟಾರ್ ವೆಹಿಕಲ್ ಕಮಿಷನ್. ಎಲ್ಲರೂ ಎಂವಿಸಿ ಎನ್ನುತ್ತಾರೆ. ಮಾರ್ಚ್‌ನಲ್ಲಿ ಮುಚ್ಚಿದ ಕೇಂದ್ರಗಳು ಸಾರ್ವಜನಿಕರಿಗೆ ಮತ್ತೆ ತೆರೆದದ್ದು ಜುಲೈ 7ಕ್ಕೆ. ನಾಲ್ಕು ತಿಂಗಳ ಬಾಕಿ ಕೆಲಸವೆಲ್ಲ ಒಟ್ಟಿಗೆ ಬಿತ್ತು. ಜನ ಹಿಂದಿನ ರಾತ್ರಿಯೇ ಕುರ್ಚಿ ಹಾಕಿಕೊಂಡು ಕೂತರು. ಈಗಲೂ ಸರದಿ ಉದ್ದವಿದೆ.

ಹೊಸಬರು ಮುಖ್ಯವಾಗಿ ತಿಳಿಯಬೇಕಾದ್ದು, ಕೇಂದ್ರಗಳು ಈಗ ಎರಡು ಬಗೆಯಾಗಿವೆ. ಪರ್ಮಿಟ್, ಹೊಸ ಲೈಸೆನ್ಸ್, ಬೇರೆ ರಾಜ್ಯದ ಲೈಸೆನ್ಸನ್ನು ಇಲ್ಲಿಗೆ ಬದಲಾಯಿಸುವುದು ಲೈಸೆನ್ಸಿಂಗ್ ಸೆಂಟರಿನಲ್ಲಿ. ಗಾಡಿಯ ಟೈಟಲ್ (ಒಡೆತನದ ಪತ್ರ), ನೋಂದಣಿ, ನಂಬರ್ ಪ್ಲೇಟ್ ವೆಹಿಕಲ್ ಸೆಂಟರಿನಲ್ಲಿ. ಜುಲೈನಲ್ಲಿ ನಾನೇ ಒಂದು ಕುಟುಂಬವನ್ನು ಬೆಳಗಿನ ಜಾವ ಕರೆದುಕೊಂಡು ಹೋಗಿ, ಸರಿಯಾಗಿ ನೋಡಿಕೊಳ್ಳದೆ, ಗಾಡಿ ಕೆಲಸದ ಕೇಂದ್ರದ ಮುಂದೆ ಲೈಸೆನ್ಸಿಗಾಗಿ ಮೂರು ಗಂಟೆ ನಿಲ್ಲಿಸಿದ್ದೆ. ಆ ತಾಯಿಯ ಕಂಕುಳಲ್ಲಿ ಎಂಟು ತಿಂಗಳ ಕೂಸು. ಇವತ್ತಿಗೂ ನೆನೆದರೆ ಬೇಸರವಾಗುತ್ತದೆ. ಹೊರಡುವ ಹಿಂದಿನ ದಿನ ಪಟ್ಟಿ ನೋಡಿಯೇ ಹೊರಡಿ.

ಬೇರೆ ರಾಜ್ಯದ ಲೈಸೆನ್ಸ್ ಇದ್ದರೆ ಇಲ್ಲಿ ನೆಲೆಸಿದ 60 ದಿನದೊಳಗೆ ಬದಲಾಯಿಸಿಕೊಳ್ಳಬೇಕು. ಗುರುತಿಗೆ "ಆರು ಪಾಯಿಂಟ್" ಕಾಗದಗಳು ಬೇಕು, ಅಂದರೆ ಒಂದೊಂದು ಕಾಗದಕ್ಕೂ ಇರುವ ಪಾಯಿಂಟ್ ಕೂಡಿ ಆರಾಗಬೇಕು. ಪಾಸ್‌ಪೋರ್ಟ್, ಐ-94 (ಅಮೆರಿಕದೊಳಗೆ ಬಂದ ದಾಖಲೆ), ವೀಸಾ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು ಎಲ್ಲವನ್ನೂ ಮೂಲಪ್ರತಿಯಲ್ಲೇ ಒಯ್ಯಿರಿ. ಫೋನಿನಲ್ಲಿರುವ ಚಿತ್ರ ನಡೆಯುವುದಿಲ್ಲ. ಲೈಸೆನ್ಸ್, ನೋಂದಣಿಗಳ ಅವಧಿ ಮುಗಿದವರು ಗಾಬರಿಯಾಗಬೇಡಿ. ಈ ವರ್ಷ ಮುಗಿಯುತ್ತಿದ್ದ ಹಲವು ದಾಖಲೆಗಳ ಗಡುವನ್ನು ರಾಜ್ಯವೇ ಮುಂದೂಡಿದೆ, ನವೀಕರಣವೂ ಅನೇಕರಿಗೆ ಮನೆಯಿಂದಲೇ ಆಗುತ್ತದೆ.

ಸೋಶಿಯಲ್ ಸೆಕ್ಯುರಿಟಿ ಕಚೇರಿಗಳು ಮಾರ್ಚ್ 17ರಿಂದ ನೇರ ಭೇಟಿಗೆ ಮುಚ್ಚಿವೆ. ಅಲ್ಲಿ ಕೆಲಸವೆಲ್ಲ ಫೋನ್ ಮತ್ತು ಅಂಚೆಯಲ್ಲಿ. ಗವರ್ನರ್ ಏನು ತೆರೆದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇನ್ನೂ ಬಾರದವರು, ಆ ಸಂಖ್ಯೆ ಸಿಗದ ಎಚ್-4 (ಕುಟುಂಬದವರ ವೀಸಾ) ಇರುವವರು, ತಮಗೆ ಬದಲಿಗೆ ಯಾವ ಪತ್ರ ಬೇಕೆಂದು ಎಂವಿಸಿಯಿಂದ ಮೊದಲೇ ತಿಳಿದುಕೊಂಡು ಹೋಗಿ.

ಇನ್ನೊಂದು ಮಾತು, ದಯವಿಟ್ಟು ಮನೆಯವರೆಲ್ಲರಿಗೂ ಓದಿ ಹೇಳಿ. ಎಂವಿಸಿ ಕೌಂಟರಿನಲ್ಲೇ ಮತದಾರರ ನೋಂದಣಿಯೂ ಆಗುತ್ತದೆ. ಅಮೆರಿಕದ ಪೌರತ್ವ ಇಲ್ಲದವರು ಅದನ್ನು ಸ್ಪಷ್ಟವಾಗಿ ನಿರಾಕರಿಸಬೇಕು. ಗ್ರೀನ್ ಕಾರ್ಡಿನವರೂ ಸಹ. ಏನೆಂದು ತಿಳಿಯದೆ ಪರದೆಯ ಮೇಲೆ "ಯೆಸ್" ಒತ್ತಿದರೆ ಮುಂದೆ ವೀಸಾ, ಪೌರತ್ವದ ಅರ್ಜಿಗೆ ದೊಡ್ಡ ತೊಡಕು. ಈ ನವೆಂಬರ್ ಚುನಾವಣೆಗೆ ನೋಂದಾಯಿತ ಮತದಾರರೆಲ್ಲರಿಗೂ ಮತಪತ್ರ ಅಂಚೆಯಲ್ಲೇ ಬರುತ್ತದೆ. ಹಿಂದೆ ಆ ಮನೆಯಲ್ಲಿದ್ದವರ ಹೆಸರಿಗೆ ಲಕೋಟೆ ಬಂದರೆ ತೆರೆಯಬೇಡಿ, ಅಂಚೆಯವರಿಗೆ ಹಿಂದಿರುಗಿಸಿ.

ಶಾಲೆ

ಆಗಸ್ಟ್ 13ರ ಆದೇಶದ ಪ್ರಕಾರ, ಆರೋಗ್ಯ ನಿಯಮಗಳನ್ನು ಪಾಲಿಸಲಾಗದ ಡಿಸ್ಟ್ರಿಕ್ಟ್‌ಗಳು ಪೂರ್ತಿ ಆನ್‌ಲೈನ್‌ನಲ್ಲಿ ಶುರುಮಾಡಬಹುದು. ಹೀಗಾಗಿ ಒಂದು ಊರಿನಲ್ಲಿ ವಾರಕ್ಕೆರಡು ದಿನ ತರಗತಿ, ಪಕ್ಕದ ಊರಿನಲ್ಲಿ ಪೂರ್ತಿ ಮನೆಪಾಠ. ಶಾಲೆ ತೆರೆದಿದ್ದರೂ ನಿಮಗೆ ಧೈರ್ಯ ಸಾಲದಿದ್ದರೆ ಮಗುವನ್ನು ಮನೆಯಿಂದಲೇ ಓದಿಸುವ ಆಯ್ಕೆ ನಿಮಗಿದೆ. ಮನೆ ಹುಡುಕುವಾಗಲೇ ಆ ಡಿಸ್ಟ್ರಿಕ್ಟ್ ಈಗ ಹೇಗೆ ನಡೆಸುತ್ತಿದೆ ಎಂದು ಕೇಳಿಕೊಳ್ಳಿ.

ದಾಖಲಾತಿಗೆ ಜನನ ಪತ್ರ, ವಿಳಾಸದ ಪುರಾವೆ, ಲಸಿಕೆ ದಾಖಲೆ ಬೇಕು. ಊರಿನ ಮಕ್ಕಳ ಡಾಕ್ಟರು ಬರೆದುಕೊಟ್ಟ ಲಸಿಕೆ ಪುಸ್ತಕವನ್ನು ಕೈಬ್ಯಾಗಿನಲ್ಲೇ ತನ್ನಿ, ಲಗೇಜಿಗೆ ಹಾಕಬೇಡಿ. ಹೊರದೇಶದಿಂದ ಬಂದ ಮಗುವಿಗೆ ಲಸಿಕೆ ದಾಖಲೆ ಒದಗಿಸಲು 30 ದಿನದ ಅವಕಾಶವಿದೆ. ಭಾರತದಿಂದ ಬಂದ ಮಕ್ಕಳಿಗೆ ಕ್ಷಯದ ಪರೀಕ್ಷೆಯನ್ನೂ ಕೇಳುತ್ತಾರೆ. ಕ್ಷಯದ ಲಸಿಕೆ ಬಿಸಿಜಿ ಹಾಕಿಸಿದೆ ಎಂದರೆ ಅದು ತಪ್ಪುವುದಿಲ್ಲ. ವೀಸಾ ಯಾವುದು ಎಂಬ ಕಾರಣಕ್ಕೆ ಸರ್ಕಾರಿ ಶಾಲೆ ಮಗುವನ್ನು ನಿರಾಕರಿಸುವಂತಿಲ್ಲ.

ಶಾಲೆಯ ಉಚಿತ ಊಟದ ಬಗ್ಗೆ ನಮ್ಮವರಿಗೆ ಬಹಳ ಸಂಕೋಚ. ಬೇಸಿಗೆ ಊಟದ ಯೋಜನೆಯನ್ನು ಈ ಬಾರಿ ಡಿಸೆಂಬರ್‌ವರೆಗೂ ನಡೆಸಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟಿದೆ. ಅದನ್ನು ನಡೆಸುತ್ತಿರುವ ಕಡೆ ಆದಾಯ ಕೇಳದೆ ಮಕ್ಕಳಿಗೆ ಕೊಡುತ್ತಾರೆ, ಆನ್‌ಲೈನ್ ಓದುವವರೂ ಹೋಗಿ ತರಬಹುದು. ಸಂಬಳ ನಿಂತ ಮನೆಗಳಿವೆ, ನಮಗೆ ಗೊತ್ತು. ಮಗುವಿನ ಪಾಲಿನ ಊಟ ಅದು, ತನ್ನಿ.

ಬಾಡಿಗೆ

ಬಾಡಿಗೆ ಮನೆಗೆ ಒಂದೂವರೆ ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಬಾಡಿಗೆ ಬಾಕಿ ಬಿದ್ದರೆ ಆ ಠೇವಣಿಯನ್ನೇ ಬಾಡಿಗೆಗೆ ಹಿಡಿದುಕೊಳ್ಳಿ ಎಂದು ಬರಹದಲ್ಲಿ ತಿಳಿಸಲು ಏಪ್ರಿಲ್‌ನ ಆದೇಶ ಅವಕಾಶ ಕೊಟ್ಟಿದೆ. ತುರ್ತು ಸ್ಥಿತಿ ಇರುವವರೆಗೆ, ಆಮೇಲೆ ಎರಡು ತಿಂಗಳು, ಬಾಡಿಗೆ ಬಾಕಿಗಾಗಿ ಮನೆ ಖಾಲಿ ಮಾಡಿಸುವುದಕ್ಕೂ ತಡೆ ಇದೆ. ಬಾಡಿಗೆ ಮನ್ನಾ ಆಗಿಲ್ಲ, ಬಾಕಿ ಬಾಕಿಯೇ. ಮಾಲೀಕರೊಡನೆ ಮಾತಾಡಿ ಕಾಗದದಲ್ಲಿ ಬರೆಸಿಕೊಳ್ಳಿ.

ಆರೋಗ್ಯ

ಪ್ರಾಣಕ್ಕೆ ಅಪಾಯವೆನಿಸಿದರೆ 911. ಉಳಿದಂತೆ ಊಟ, ವಸತಿ, ಕೋವಿಡ್ ಪರೀಕ್ಷೆ ಎಲ್ಲಿ ಎಂಬುದಕ್ಕೆಲ್ಲ ಸಹಾಯವಾಣಿ 211. ಆಸ್ಪತ್ರೆಯಲ್ಲಿ ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ "ಕನ್ನಡ ಇಂಟರ್ಪ್ರಿಟರ್" ಬೇಕೆಂದು ಕೇಳಿ, ಅದು ಉಚಿತ. ಹಿಂದಿ ಬರುತ್ತದಲ್ಲ ಎಂದು ಒಪ್ಪಿಸಲು ನೋಡಿದರೆ ಒಪ್ಪಬೇಡಿ. ಎದೆನೋವನ್ನು ಅರ್ಧ ಗೊತ್ತಿರುವ ಭಾಷೆಯಲ್ಲಿ ಹೇಳುವುದು ಅಪಾಯ. ಕೋವಿಡ್ ಪರೀಕ್ಷೆ, ಚಿಕಿತ್ಸೆ ಪಡೆದರೆ ಗ್ರೀನ್ ಕಾರ್ಡಿಗೆ ತೊಂದರೆಯೇ ಎಂಬ ಭಯ ಹಲವರಿಗಿದೆ. ಅದನ್ನು ಪಬ್ಲಿಕ್ ಚಾರ್ಜ್ (ಸರ್ಕಾರದ ನೆರವಿಗೆ ಹೊರೆಯಾಗುವವರೇ ಎಂಬ) ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ವಲಸೆ ಇಲಾಖೆ ಮಾರ್ಚ್‌ನಲ್ಲೇ ಹೇಳಿದೆ. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಪತ್ತೆ ಮಾಡುವವರು ಫೋನ್ ಮಾಡಿದರೆ ಎತ್ತಿ, ಸರಿಯಾದ ಉತ್ತರ ಕೊಡಿ. ಅವರು ವೀಸಾ, ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ, ಬ್ಯಾಂಕ್ ವಿವರ ಕೇಳುವುದಿಲ್ಲ. ಕೇಳಿದವರು ಮೋಸಗಾರರು.

ನವರಾತ್ರಿ

ಅಧಿಕ ಮಾಸ ಬಂದದ್ದರಿಂದ ಈ ಸಲ ನವರಾತ್ರಿ ಅಕ್ಟೋಬರ್ 17ಕ್ಕೆ. ಗೊಂಬೆ ಕೂರಿಸುವ ಮನೆಗಳಿಂದ ಈಗಲೇ ಫೋನ್ ಬರುತ್ತಿದೆ. ಒಳಾಂಗಣ ಕೂಟಕ್ಕೆ ಆಗಸ್ಟ್ ಆರಂಭದಿಂದ ಇರುವ ಮಿತಿ 25 ಜನ ಅಥವಾ ಕೋಣೆಯ ಸಾಮರ್ಥ್ಯದ ಶೇ. 25, ಯಾವುದು ಕಡಿಮೆಯೋ ಅದು. ಮದುವೆ ಮತ್ತು ಧಾರ್ಮಿಕ ವಿಧಿಗಳಿಗೆ 100ರವರೆಗೆ ಅವಕಾಶವಿದೆ, ಅಲ್ಲೂ ಶೇ. 25ರ ಲೆಕ್ಕ ಬಿಟ್ಟಿಲ್ಲ. ಮನೆಯ ಅರಿಶಿನ ಕುಂಕುಮವನ್ನು ಆ ದೊಡ್ಡ ಲೆಕ್ಕಕ್ಕೆ ಸೇರಿಸಬೇಡಿ ಎಂದು ಸಂಘದ ಹಿರಿಯರೆಲ್ಲ ಕೂತು ತೀರ್ಮಾನಿಸಿದ್ದೇವೆ. ಒಂಬತ್ತು ದಿನವಿದೆ. ದಿನಕ್ಕೆ ಎರಡೇ ಮನೆಯವರನ್ನು ಕರೆಯಿರಿ, ಮಾಸ್ಕ್ ತೆಗೆಯದೆ ಗೊಂಬೆ ನೋಡಲಿ, ಚರಪನ್ನು ಪೊಟ್ಟಣ ಕಟ್ಟಿ ಬಾಗಿಲಲ್ಲಿ ಕೊಡಿ. ಹೊಸದಾಗಿ ಬಂದವರನ್ನು ಮಾತ್ರ ಪಟ್ಟಿಯಿಂದ ಬಿಡಬೇಡಿ. ಈ ವರ್ಷ ಅವರು ಯಾರ ಮುಖವನ್ನೂ ನೋಡಿಲ್ಲ.

ಮೊದಲ 14 ದಿನ

ಸೋಂಕು ಹೆಚ್ಚಿರುವ ರಾಜ್ಯಗಳಿಂದ ಬಂದವರು 14 ದಿನ ಮನೆಯಲ್ಲೇ ಇರಬೇಕೆಂದು ಜೂನ್ 24ರಂದು ನ್ಯೂ ಜೆರ್ಸಿ, ನ್ಯೂಯಾರ್ಕ್, ಕನೆಕ್ಟಿಕಟ್ ಒಟ್ಟಾಗಿ ಸೂಚನೆ ಹೊರಡಿಸಿವೆ. ಆ ಪಟ್ಟಿ ಬದಲಾಗುತ್ತಲೇ ಇರುತ್ತದೆ. ಭಾರತದಿಂದ ನೇರ ಬಂದವರೂ ಹಾಗೆಯೇ ಇರಿ ಎಂಬುದು ನಮ್ಮ ವಿನಂತಿ. ಆ ದಿನಗಳಲ್ಲಿ ಓಕ್ ಟ್ರೀ ರೋಡಿನ ಭಾರತೀಯ ಅಂಗಡಿಗೆ ನೀವು ಹೋಗಬೇಕಿಲ್ಲ. ಅಕ್ಕಿ, ಬೇಳೆ, ಮೊಸರು, ಸಾರಿನಪುಡಿ, ಮಗುವಿನ ಡೈಪರ್, ಏನು ಬೇಕೋ ಹಿಂದಿನ ಸಂಜೆ ಏಳರೊಳಗೆ ಸಂಘದ ಗುಂಪಿನಲ್ಲಿ ಬರೆಯಿರಿ. ನಮ್ಮವರು ತಂದು ಬಾಗಿಲ ಬಳಿ ಇಟ್ಟು, ಗಂಟೆ ಒತ್ತಿ, ಹಿಂದೆ ಸರಿದು ನಿಲ್ಲುತ್ತಾರೆ. ದೂರದಿಂದಲೇ ಎರಡು ಮಾತಾಡಿ ಕಳಿಸಿ.