ಪಂಪಿಲ್ಲದೆ ಅಟ್ಟ ಹತ್ತಿದ ಬಿಸಿನೀರು

ಮೂಡಿಗೆರೆ ಕಡೆಯವರಿಗೆ ಮಳೆಗಾಲದ ಸೋಲಾರ್ ಹೀಟರ್ ಬಗ್ಗೆ ನಾನು ಹೇಳಬೇಕಾಗಿಲ್ಲ. ಜೂನ್ ಬಂತು ಅಂದರೆ ಅದು ಮಾಡಿನ ಮೇಲಿಟ್ಟ ತಣ್ಣೀರಿನ ಟ್ಯಾಂಕ್, ಅಷ್ಟೇ. ನಮ್ಮ ಮನೆಯಲ್ಲಿ ಐದು ಜನ. ನಾಲ್ಕು ತಿಂಗಳು ಗೀಸರೇ ಗತಿ. ಎರಡು ಸಾವಿರ ವಾಟ್, ದಿನಕ್ಕೆ ಎರಡು ಗಂಟೆ ಮೇಲೆ. ಬರೀ ಸ್ನಾನಕ್ಕೇ ತಿಂಗಳಿಗೆ 120, 130 ಯೂನಿಟ್ ಹೋಗುತ್ತಿತ್ತು.

2023ರಲ್ಲಿ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ಹೊಟ್ಟೆಯುರಿ ಶುರುವಾಯಿತು. ನಮ್ಮ ತಿಂಗಳ ಸರಾಸರಿ 155 ಯೂನಿಟ್ ಹತ್ತಿರ ಇತ್ತು. ಶೇಕಡಾ 10 ಸೇರಿಸಿದರೆ 170, ಅಲ್ಲಿವರೆಗೆ ಪುಕ್ಕಟೆ. ಬೇಸಿಗೆಯಲ್ಲಿ ನಾವು 110 ದಾಟಲ್ಲ, ಬಿಲ್ ಸೊನ್ನೆ. ಮಳೆಗಾಲದಲ್ಲಿ 240. ಇನ್ನೂರು ದಾಟಿದರೆ ಮೇಲಿನ ನಲವತ್ತಕ್ಕೆ ಮಾತ್ರ ಅಲ್ಲ, ಪೂರ್ತಿಗೂ ಕಟ್ಟಬೇಕು. ಒಂದು ತಿಂಗಳು ಎರಡು ಸಾವಿರದ ಮೇಲೆ ಕಟ್ಟಿದೆ. ಅವತ್ತಿಂದ ಮೀಟರ್ ಪೆಟ್ಟಿಗೆ ಮುಂದೆ ನಿಲ್ಲೋದೇ ನನ್ನ ಕೆಲಸವಾಯಿತು.

ಉಪಾಯ ತೋರಿಸಿದ್ದು ಮನೆಯ ಬೆಕ್ಕು. ಅಮ್ಮ ಗೀಸರ್ ನೀರು ಮುಟ್ಟಲ್ಲ. ಅವರೊಬ್ಬರಿಗಾಗಿ ದಿನಾ ಬಚ್ಚಲು ಒಲೆ ಉರಿಯುತ್ತೆ. ಒಲೆಯ ಹಿಂಬದಿ ಗೋಡೆಗೆ ಆತುಕೊಂಡು ಬೆಕ್ಕು ಮಧ್ಯಾಹ್ನದವರೆಗೂ ಮಲಗಿರುತ್ತಿತ್ತು. ಒಂದಿನ ಅಲ್ಲಿ ಕೈ ಇಟ್ಟು ನೋಡಿದೆ. ಬೆಂಕಿ ಆರಿ ಮೂರು ಗಂಟೆಯಾದರೂ ಬಿಸಿ! ಹಂಡೆಗೆ ಹೋಗಿದ್ದಕ್ಕಿಂತ ಗೋಡೆಗೂ ಹೊಗೆಗೂ ಹೋಗಿದ್ದೇ ಜಾಸ್ತಿ ಅಂತ ಆಗ ಹೊಳೆಯಿತು. ಒಲೆಯೊಳಗೆ ತಾಮ್ರದ ಸುರುಳಿ, ಅಟ್ಟದ ಮೇಲೆ ಟ್ಯಾಂಕ್. ಸೋಲಾರ್‌ನಲ್ಲಿ ಕಾದ ನೀರು ಹಗುರಾಗಿ ತಾನೇ ಮೇಲೆ ಹತ್ತಲ್ವಾ, ಅದೇ ಲೆಕ್ಕ.

ಪಕ್ಕದ ತೋಟದವರು ನಕ್ಕರು. "ಅಲ್ಲ ಮಾರಾಯ, ಪಂಪ್ ಇಲ್ಲದೆ ನೀರು ಅಟ್ಟ ಹತ್ತುತ್ತಾ? ಸುಮ್ನೆ ಇನ್ನೊಂದು ಗೀಸರ್ ತಗೋ."

ಮೊದಲ ಸಲ ಅವರ ಮಾತೇ ಗೆದ್ದಿತು. ದುಡ್ಡು ಉಳಿಸೋಕೆ ಫ್ರಿಜ್ ರಿಪೇರಿಯವರ ಹತ್ತಿರ ಸಣ್ಣ ತಾಮ್ರದ ಪೈಪು ತಂದಿದ್ದೆ. ಬೆಂಕಿ ಹಾಕಿ ಹತ್ತು ನಿಮಿಷ ಆಗಿಲ್ಲ, ಗೋಡೆಯೊಳಗೆ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಡಬ್ ಡಬ್ ಶಬ್ದ. ನೀರು ಹರಿಯುವ ಮೊದಲೇ ಒಳಗೆ ಆವಿಯಾಗಿ ಗುದ್ದುತ್ತಿತ್ತು. ಅಮ್ಮ ಸ್ನಾನ ಅರ್ಧಕ್ಕೆ ಬಿಟ್ಟು ಆಚೆ ಬಂದು, "ಎಂತ ಮಗಾ, ಮನೆ ಬೀಳಿಸ್ತೀಯಾ?" ಅಂತ ಬೈದರು. ಎರಡು ಸಾವಿರ ನೀರಲ್ಲಿ ಹೋಯಿತು.

ಎರಡನೇ ಸಲ ಮುಕ್ಕಾಲಿಂಚಿನ ಪೈಪು. ತಾಮ್ರಕ್ಕೇ ನಾಲ್ಕು ಸಾವಿರದ ಮೇಲಾಯಿತು. ಅಲ್ಲಿಂದ ಅಟ್ಟದವರೆಗೆ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು. ಶಬ್ದ ನಿಂತಿತು, ಆದರೆ ಟ್ಯಾಂಕ್ ತಣ್ಣಗೇ ಇತ್ತು. ಮೂರು ದಿನ ತಲೆ ಕೆಡಿಸಿಕೊಂಡೆ. ತಪ್ಪು ನಾಲ್ಕು ಬೆರಳಿನಷ್ಟಿತ್ತು. ವೆಲ್ಡಿಂಗ್ ಹುಡುಗ ತೊಲೆ ಕೊರೆಯೋಕೆ ಬೇಜಾರಾಗಿ ಬಿಸಿನೀರಿನ ಪೈಪನ್ನು ತೊಲೆ ಮೇಲಿಂದ ಹತ್ತಿಸಿ ಇಳಿಸಿದ್ದ. ಆ ಗೂನಿನಲ್ಲಿ ಗಾಳಿ ಕೂತಿತ್ತು. ಪೈಪು ಒಲೆಯಿಂದ ಟ್ಯಾಂಕಿನವರೆಗೆ ಏರುತ್ತಲೇ ಇರಬೇಕು. ಎಲ್ಲೂ ಇಳಿಯಬಾರದು. ಇದೊಂದು ನೆನಪಿದ್ದರೆ ನಿಮಗೆ ಒಂದೂವರೆ ಸಾವಿರ ಉಳಿಯುತ್ತೆ. ನನಗೆ ಬಿಚ್ಚಿ ಕಟ್ಟಿಸೋಕೆ ಅಷ್ಟು ಹೋಯಿತು.

ಒಲೆಯನ್ನೂ ಬದಲಾಯಿಸಿದೆ. ಅಪ್ಪನ ಕಾಲದಲ್ಲಿ ಅಡುಗೆಮನೆಯಲ್ಲಿ ಅಸ್ತ್ರ ಒಲೆ ಇತ್ತು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ್ದು. ಗ್ಯಾಸ್ ಬಂದ ಮೇಲೆ ಒಡೆದು ಹಾಕಿದೆವು. ಅದರ ಕಬ್ಬಿಣದ ಜಾಲರಿ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಅದನ್ನೇ ಬಚ್ಚಲು ಒಲೆಗೆ ಕೂರಿಸಿದೆ. ಕೆಳಗಿಂದ ಗಾಳಿ ಸಿಕ್ಕಿ ಬೆಂಕಿಯ ಬಣ್ಣವೇ ಬದಲಾಯಿತು, ಹೊಗೆ ಅರ್ಧಕ್ಕಿಳಿಯಿತು. ಮೊದಲು ಎರಡು ತೆಕ್ಕೆ ಸೌದೆ ಬೇಕಿತ್ತು. ಈಗ ಒಂದು ತೆಕ್ಕೆ ಸಿಲ್ವರ್ ಓಕ್ ಮರದ ರೆಂಬೆ, ಮೇಲಿಷ್ಟು ಕಾಫಿ ಗಿಡ ಸವರಿದ ಕಡ್ಡಿ ಸಾಕು. ಕಾಫಿ ಹೊಟ್ಟನ್ನೂ ಹಾಕಿ ನೋಡಿದೆ. ಉರಿಯುವುದಕ್ಕಿಂತ ಹೊಗೆಯಾಡುತ್ತೆ, ಬೇಡ.

ಸುರುಳಿ ಎಷ್ಟು ಸುತ್ತು, ಒಲೆಯಲ್ಲಿ ಎಲ್ಲಿ ಕೂತಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದಕ್ಕೆ ಎರಡು ಮಳೆಗಾಲ ಸವೆಸಿದ್ದೀನಿ. ಮನೆಗೆ ಬನ್ನಿ, ಕಾಫಿ ಕೊಟ್ಟು ತೋರಿಸ್ತೀನಿ. ಆದರೆ ಒಂದು ಮಾತು ಬಚ್ಚಿಡಲ್ಲ: ಟ್ಯಾಂಕ್ ಮೇಲೆ ಆವಿ ಹೋಗೋಕೆ ಒಂದು ಪೈಪು ಸದಾ ತೆರೆದೇ ಇರಬೇಕು. ಅದಕ್ಕೆ ವಾಲ್ವ್ ಹಾಕಬೇಡಿ. ನೀರಿಲ್ಲದೆ ಒಲೆ ಹಚ್ಚಬೇಡಿ.

ಬಿಸಿ ಹಿಡಿದಿಡೋದು ಬೇರೆ ಗೋಳು. ಟ್ಯಾಂಕ್ 80 ಲೀಟರ್, ಗುಜರಿಯ ಸ್ಟೀಲ್ ಡ್ರಮ್. ಸುತ್ತ ಹಲಗೆ ಪೆಟ್ಟಿಗೆ ಮಾಡಿ ಭತ್ತದ ಹೊಟ್ಟು ತುಂಬಿದೆ. ಹದಿನೈದು ದಿನ ಭರ್ಜರಿಯಾಗಿತ್ತು. ಆಮೇಲೆ ಇಲಿಗೆ ಸುದ್ದಿ ಹೋಯಿತು. ಮಳೆಯಲ್ಲಿ ಬೆಚ್ಚಗಿನ ಜಾಗ, ಜೊತೆಗೆ ಹೊಟ್ಟಿನಲ್ಲಿ ನುಚ್ಚು. ಸಂಸಾರವನ್ನೇ ಹೂಡಿದವು. ಎಲ್ಲಾ ತೆಗೆದು ಥರ್ಮಕೋಲ್, ಅದರ ಮೇಲೆ ಹಳೇ ಕಂಬಳಿ ಸುತ್ತಿದೆ. ಸಂಜೆ 50 ಡಿಗ್ರಿ ಇದ್ದರೆ ಬೆಳಿಗ್ಗೆ 43, 44 ಇರುತ್ತೆ. ಹಾಗಾಗಿ ಒಲೆ ಈಗ ಸಂಜೆ ಮಾತ್ರ. ಬೆಳಿಗ್ಗೆ ಎದ್ದವರು ನಲ್ಲಿ ತಿರುಗಿಸಿದರಾಯಿತು.

ಕಂಬಳಿ ಕೈಗೆ ಸಿಕ್ಕ ಮೇಲೆ ಅಡುಗೆಮನೆಗೂ ಕೈ ಹಾಕಿದೆ. ಅನ್ನ ಹತ್ತು ನಿಮಿಷ ಕುದಿಸಿ, ಪಾತ್ರೆಯನ್ನು ಮುಚ್ಚಿ, ಕಂಬಳಿ ಹಾಸಿದ ಬಿದಿರು ಬುಟ್ಟಿಯಲ್ಲಿಟ್ಟು ಮೇಲೂ ಹೊದಿಸಿದೆ. ಒಂದು ಗಂಟೆಯಲ್ಲಿ ಉದುರುದುರಾಗಿ ಬೆಂದಿತ್ತು. ಕೆಂಪಕ್ಕಿಗೆ ಇನ್ನೊಂದೈದು ನಿಮಿಷ ಕುದಿ ಬೇಕು. ತೊಗರಿಬೇಳೆ ನೆನೆಸಿದ್ದರೆ ಆಗುತ್ತೆ. ಹುರುಳಿ ಮಾತ್ರ ಸಂಜೆವರೆಗಿಟ್ಟರೂ ಕಲ್ಲು. ಮೂವತ್ತೆರಡು ದಿನ ಬರುತ್ತಿದ್ದ ಸಿಲಿಂಡರ್ ಈಗ ನಲವತ್ತರ ಹತ್ತಿರ ಬರುತ್ತೆ. ಗೆದ್ದ ಹುಮ್ಮಸ್ಸಿನಲ್ಲಿ ರಾತ್ರಿ ಫ್ರಿಜ್ ಆಫ್ ಮಾಡೋಕೂ ಹೋದೆ. ಮೂರನೇ ದಿನ ಹಾಲು ಒಡೆಯಿತು, ನನ್ನಾಕೆ ಸ್ವಿಚ್ ಮೇಲೆ ಟೇಪ್ ಅಂಟಿಸಿದಳು. ಹೊಗೆಕೊಳವೆ ಪಕ್ಕ ಬಟ್ಟೆ ಒಣಗಿಸಿದ ದಿನದ ಬಗ್ಗೆ ಬೇಡ. ಆ ಪಂಚೆ ಉಟ್ಟು ಮದುವೆಗೆ ಹೋಗಿದ್ದೆ.

ಒಟ್ಟು ಹನ್ನೆರಡು ಸಾವಿರ ಹಿಡಿಯಿತು. ಅದರಲ್ಲಿ ನಾಲ್ಕು ನನ್ನ ಪೆದ್ದತನಕ್ಕೆ. ಕಳೆದ ಮಳೆಗಾಲದ ನಾಲ್ಕೂ ತಿಂಗಳು ಮೀಟರ್ 125 ದಾಟಲಿಲ್ಲ, ಬಿಲ್ ಸೊನ್ನೆ. ಆಗಸ್ಟ್‌ನಲ್ಲಿ ಮೂರು ದಿನ ಕರೆಂಟೇ ಇರಲಿಲ್ಲ. ಊರಲ್ಲಿ ನಲ್ಲಿಯಲ್ಲಿ ಬಿಸಿನೀರು ಬಂದಿದ್ದು ನಮ್ಮ ಮನೆಯಲ್ಲಿ ಮಾತ್ರ ಇರಬೇಕು. ಆಗ ನಕ್ಕಿದ್ದ ಪಕ್ಕದ ತೋಟದವರು ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಂದರು.

ಈಗ ಅವರ ಮನೆಗೂ ಬೇಕಂತೆ. ಅವರದ್ದು ಆರ್‌ಸಿಸಿ ಮನೆ, ಅಟ್ಟ ಇಲ್ಲ. ಬಚ್ಚಲಿನ ಸಜ್ಜದ ಮೇಲೆ ಟ್ಯಾಂಕ್ ಕೂರುತ್ತಾ ಅಂತ ಭಾನುವಾರ ಟೇಪ್ ಹಿಡಿದು ಅಳೆದು ಬಂದೆ. ಒಲೆಗೂ ಟ್ಯಾಂಕಿನ ತಳಕ್ಕೂ ಎರಡೂವರೆ ಅಡಿ ಎತ್ತರ ಸಿಗುತ್ತೆ, ಸಾಕಾಗಬಹುದು. ತಾಮ್ರ ಮಾತ್ರ ಅವರೇ ತರಬೇಕು ಅಂತ ಮೊದಲೇ ಹೇಳಿದ್ದೀನಿ.