ಹಾಪ್ಸ್‌ಗೆ ಚೀಲ ಯಾವಾಗ, ಜರಡಿ ಯಾವಾಗ?

ಮೊದಲ ಸಲ ಮನೆಯಲ್ಲಿ ಬಿಯರ್ ಮಾಡಿದಾಗ ಬಿಯರ್‌ಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವಿನ ಗುಳಿಗೆಗಳನ್ನು ಸುಮ್ನೆ ಕುದಿಯುವ ಪಾತ್ರೆಗೆ ಸುರಿದಿದ್ದೆ. ಎರಡೇ ನಿಮಿಷದಲ್ಲಿ ಅವು ಕಾಣದಂತಾದವು. ಕರಗಿಬಿಟ್ಟವು, ಕೆಲಸ ಸಲೀಸಾಯಿತು ಅಂದುಕೊಂಡೆ. ಕುದಿಸಿ, ತಣಿಸಿ, ಪಾತ್ರೆಯ ನಲ್ಲಿ ತಿರುಗಿಸಿದರೆ ಎರಡು ಲೋಟದಷ್ಟು ಬಂದು ನಿಂತೇ ಹೋಯಿತು. ನಲ್ಲಿಯ ಬಾಯಿಗೆ ಹಸಿರು ಕೆಸರು ಗಟ್ಟಿಯಾಗಿ ಕೂತಿತ್ತು. ಒಳಗೆ ಇನ್ನೂ ಇಪ್ಪತ್ತು ಲೀಟರ್ ಇತ್ತು. ಚಮಚದ ಹಿಡಿಯಿಂದ ಕೆದಕುತ್ತಾ ಒಂದು ಗಂಟೆ ಕಳೆದೆ.

ಗುಳಿಗೆ ಕರಗುವ ವಸ್ತುವೇ ಅಲ್ಲ. ಹಾಪ್ಸ್ ಹೂವನ್ನು ಒಣಗಿಸಿ, ಪುಡಿ ಮಾಡಿ, ಒತ್ತಿ ಮಾಡಿದ್ದು ಅದು. ಬಿಸಿ ತಾಗಿದ ಕೂಡಲೇ ಮತ್ತೆ ಪುಡಿಯಾಗುತ್ತದೆ. ಇಡೀ ಹೂವಿನ ಕಥೆಯೇ ಬೇರೆ. ಅದು ತೇಲುತ್ತದೆ, ರಸವನ್ನು (ಮುಂದೆ ಬಿಯರ್ ಆಗುವ ಸಿಹಿ ನೀರನ್ನು) ಜಾಸ್ತಿ ಹೀರುತ್ತದೆ, ಆದರೆ ಸೋಸುವುದು ಸುಲಭ. ಹೂವಿನ ಎಸಳುಗಳೇ ಒಂದರ ಮೇಲೊಂದು ಕೂತು ಜರಡಿಯಂತೆ ಕೆಲಸ ಮಾಡುತ್ತವೆ.

ಸೋಸುವುದು ಕೊನೆಯ ಕೆಲಸ ಅಂತ ಆಗ ನನ್ನ ತಲೆಯಲ್ಲಿತ್ತು. ಬಿಯರ್ ವಿಷಯದಲ್ಲಿ ಅದು ಉಲ್ಟಾ. ಯೀಸ್ಟ್ ಹಾಕುವ ಮೊದಲು ಎಷ್ಟು ಬೇಕಾದರೂ ಸೋಸಿ. ಹಾಕಿದ ಮೇಲೆ ಜರಡಿಯನ್ನು ಎತ್ತಿಟ್ಟುಬಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. (ಮನೆಯಲ್ಲಿ ಬಿಯರ್ ಮಾಡಲು ನೀವಿರುವ ಕಡೆ ಕಾನೂನು ಒಪ್ಪುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ.)

ಯಾವ ಚೀಲ?

ಮಸ್ಲಿನ್ ಬಟ್ಟೆಯ ಚೀಲ ಅಗ್ಗ. ಒಂದು ಸಲ ಬಳಸಿ ಎಸೆಯಬಹುದು. ಇಡೀ ಹೂವಿಗೆ ಅದೇ ಸಾಕು. ಗುಳಿಗೆಗೆ ಮಾತ್ರ ಅದರ ಕಣ್ಣು ದೊಡ್ಡದು, ಪುಡಿ ಅರ್ಧಕ್ಕರ್ಧ ಹೊರಗೆ ಬರುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರ್ ಜಾಲರಿ ಚೀಲವನ್ನು ತೊಳೆದು ವರ್ಷಗಟ್ಟಲೆ ಬಳಸಬಹುದು. ಬಣ್ಣ ಬಳಿಯುವವರು ಪೇಂಟ್ ಸೋಸಲು ಇಟ್ಟುಕೊಳ್ಳುವ ಹೊಸ ಚೀಲವನ್ನೇ ಬಹಳ ಮಂದಿ ಇದಕ್ಕೂ ಬಳಸುತ್ತಾರೆ. ಮೂರನೆಯದು ಸ್ಟೀಲ್ ಜಾಲರಿಯ ಉದ್ದನೆ ಡಬ್ಬ. ಪಾತ್ರೆಯ ಅಂಚಿಗೆ ಸಿಕ್ಕಿಸಿ ಇಳಿಬಿಡುತ್ತಾರೆ. ಹಾಪ್ ಸ್ಪೈಡರ್ ಅಂತ ಅದರ ಹೆಸರು.

ಸ್ಟೀಲ್ ಜಾಲರಿ ಕೊಳ್ಳುವಾಗ ಮೈಕ್ರಾನ್ ಲೆಕ್ಕ ಕೇಳಿಬರುತ್ತದೆ. ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್. ಗುಳಿಗೆಗೆ 300ರಿಂದ 400 ಮೈಕ್ರಾನ್ ಸರಿಹೋಗುತ್ತದೆ. ಇನ್ನೂ ಸಣ್ಣದಿದ್ದರೆ ಒಳ್ಳೆಯದಲ್ವಾ ಅನ್ನಿಸಬಹುದು. ಅಲ್ಲ. ತೀರಾ ಸಣ್ಣ ಕಣ್ಣು ಕೆಸರಿನಿಂದ ಮುಚ್ಚಿಹೋಗುತ್ತದೆ. ಆಮೇಲೆ ಡಬ್ಬದ ಒಳಗಿನ ರಸ ಒಳಗೇ, ಹೊರಗಿನದು ಹೊರಗೇ.

ಕುದಿಯುವಾಗ

ಚೀಲದಲ್ಲಿ ಜಾಗ ಬಿಡುವುದೇ ಇಲ್ಲಿನ ಗುಟ್ಟು. ಒಣ ಗುಳಿಗೆ ನೆನೆದಾಗ ಹಲವು ಪಟ್ಟು ಉಬ್ಬುತ್ತದೆ. ಚೀಲದ ಮೂರರಲ್ಲಿ ಒಂದು ಪಾಲು ಮಾತ್ರ ತುಂಬಿಸಿ, ಗಂಟನ್ನು ತುದಿಯಲ್ಲಿ ಹಾಕಿ. ನಾನೊಮ್ಮೆ ಗಂಟನ್ನು ಗುಳಿಗೆಗೆ ತಾಗುವಂತೆ ಬಿಗಿದಿದ್ದೆ. ಒಂದು ಗಂಟೆ ಕುದ್ದ ಮೇಲೆ ಚೀಲ ಬಿಚ್ಚಿ ನೋಡಿದರೆ ನಡುವಿನ ಗುಳಿಗೆಗಳು ಒಣಗಿದ್ದ ಹಾಗೇ ಇದ್ದವು, ಬೆರಳಲ್ಲಿ ಮುರಿದರೆ ಟಕ್ ಅಂದವು. ಸುತ್ತ ಉಬ್ಬಿದ ಪದರ ಒಳಕ್ಕೆ ಹನಿಯನ್ನೂ ಬಿಟ್ಟಿರಲಿಲ್ಲ.

ಹಾಪ್ಸ್‌ನ ಕಹಿ ಇರುವುದು ಹೂವಿನೊಳಗಿನ ಹಳದಿ ಪುಡಿಯಲ್ಲಿ. ಅದರಲ್ಲಿರುವ ಆಲ್ಫಾ ಆಮ್ಲ ಹಾಗೇ ಬಿಟ್ಟರೆ ನೀರಿನಲ್ಲಿ ಸರಿಯಾಗಿ ಬೆರೆಯುವುದಿಲ್ಲ. ಕುದಿಯುತ್ತಾ ಕುದಿಯುತ್ತಾ ಅದರ ರೂಪ ಬದಲಾಗಿ ರಸಕ್ಕೆ ಇಳಿಯುತ್ತದೆ. ಅದಕ್ಕೇ ಕಹಿಗೆ ಹಾಕುವ ಹಾಪ್ಸ್ 60 ನಿಮಿಷ ಕುದಿಯಬೇಕು. ಪರಿಮಳದ ಎಣ್ಣೆಗಳು ಹಾರಿಹೋಗುವಂಥವು, ಆ ಹಾಪ್ಸನ್ನು ಕೊನೆಯ 5 ನಿಮಿಷಕ್ಕೋ ಒಲೆ ಆರಿಸಿದ ಮೇಲೋ ಹಾಕುತ್ತಾರೆ. ಚೀಲದೊಳಗೆ ರಸದ ಓಡಾಟ ಕಡಿಮೆ, ಹಾಗಾಗಿ ಕಹಿಯೂ ತುಸು ಕಡಿಮೆ ಇಳಿಯುತ್ತದೆ. ಇದಕ್ಕೆ ಮನೆಬಿಯರಿಗರ ಅಂದಾಜು ಲೆಕ್ಕ, ಹಾಪ್ಸ್ ಹತ್ತು ಶೇಕಡಾ ಜಾಸ್ತಿ ಹಾಕು ಅಂತ. 30 ಗ್ರಾಂ ಇರುವ ಕಡೆ 33 ಗ್ರಾಂ. ಸ್ಪೈಡರ್ ಆದರೆ ನಡುನಡುವೆ ಒಳಗೆ ಚಮಚ ಆಡಿಸಿ, ಅಥವಾ ಡಬ್ಬವನ್ನೇ ಎತ್ತಿ ಇಳಿಸಿ.

ಪ್ರತಿ ಸಲ ಹಾಕುವ ಹಾಪ್ಸ್‌ಗೂ ಬೇರೆ ಚೀಲ ಕಟ್ಟುವವರಿದ್ದಾರೆ. ನನಗೆ ಒಂದೇ ದೊಡ್ಡ ಚೀಲ ಇಷ್ಟ. ಬಾಯನ್ನು ಪಾತ್ರೆಯ ಅಂಚಿಗೆ ಕ್ಲಿಪ್ ಹಾಕಿ ತೆರೆದಿಟ್ಟರೆ ಹೊತ್ತು ಬಂದಾಗಲೆಲ್ಲ ಅದರೊಳಗೇ ಸುರಿಯಬಹುದು. ಚೀಲ ಪಾತ್ರೆಯ ತಳ ಮುಟ್ಟದಂತೆ ನೋಡಿಕೊಳ್ಳಿ, ಉರಿ ತಾಗುವ ಕಡೆ ನೈಲಾನ್ ಅಂಟಿಕೊಂಡು ಸೀಯುತ್ತದೆ. ಹಾಪ್ಸ್ ಬಿದ್ದ ಕ್ಷಣ ನೊರೆ ಏಳುತ್ತದೆ. ಉರಿ ತಗ್ಗಿಸಿ, ಸ್ವಲ್ಪ ಸ್ವಲ್ಪವಾಗಿ ಹಾಕಿ. ಉಕ್ಕಿದ ಸಿಹಿ ರಸ ಒಲೆಯ ಮೇಲೆ ಅಂಟಿದರೆ ಉಜ್ಜುವುದರಲ್ಲೇ ಸಾಕಾಗಿಹೋಗುತ್ತದೆ.

ಒಲೆ ಆರಿಸಿದ ಮೇಲೆ

ಒಲೆ ಆರಿಸಿ ಚೀಲ ಎತ್ತಿ, ಪಾತ್ರೆಯ ಮೇಲೇ ತೂಗುಹಾಕಿ. ತಾನಾಗಿ ಸೋರಲಿ. ಬರಿಗೈಯಲ್ಲಿ ಹಿಂಡಲು ಹೋಗಬೇಡಿ, ಒಳಗಿನದು ಇನ್ನೂ ಕುದಿಯುವಷ್ಟೇ ಬಿಸಿ ಇರುತ್ತದೆ. ಇಕ್ಕಳ ಇದ್ದರೆ ಮೆಲ್ಲಗೆ ಒತ್ತಬಹುದು.

ಚೀಲ ಬೇಡ ಅನ್ನುವವರಿಗೂ ದಾರಿಯಿದೆ. ಚಹಾ ಲೋಟದಲ್ಲಿ ಚಮಚ ತಿರುಗಿಸಿದರೆ ಚರಟ ತಳದ ನಡುವೆ ಗುಪ್ಪೆಯಾಗುತ್ತದೆ, ನೋಡಿದ್ದೀರಲ್ಲ. ಅದು ಅಂಚಿಗೆ ಹೋಗದೆ ನಡುವಿಗೇ ಯಾಕೆ ಬರುತ್ತದೆ ಅನ್ನುವುದನ್ನು 1926ರಲ್ಲಿ ಐನ್‌ಸ್ಟೈನ್ ಒಂದು ಲೇಖನದಲ್ಲಿ ವಿವರಿಸಿದ್ದರು. ತಳದ ಹತ್ತಿರ ಸುತ್ತು ನಿಧಾನವಾಗುತ್ತದೆ, ಅಲ್ಲಿನ ನೀರು ನಡುವಿಗೆ ಹರಿಯುತ್ತದೆ, ಚರಟವನ್ನೂ ಎಳೆದುಕೊಳ್ಳುತ್ತದೆ. ರಸವನ್ನೂ ಹಾಗೇ ಜೋರಾಗಿ ಒಂದೇ ದಿಕ್ಕಿಗೆ ತಿರುಗಿಸಿ, 15–20 ನಿಮಿಷ ಮುಟ್ಟದೆ ಬಿಡಿ. ಕೆಸರು ನಡುವೆ ಕೂತಿರುತ್ತದೆ, ಅಂಚಿನಿಂದ ತಿಳಿ ತೆಗೆಯಬಹುದು.

ಜರಡಿಯ ಸರದಿ ಈಗ. ರಸ ತಣಿದಿದೆ, ಯೀಸ್ಟ್ ಇನ್ನೂ ಬಿದ್ದಿಲ್ಲ. ಇಲ್ಲಿಂದ ಮುಂದೆ ರಸಕ್ಕೆ ತಾಗುವ ಎಲ್ಲವೂ ಕ್ರಿಮಿಮುಕ್ತವಾಗಿರಬೇಕು, ಜರಡಿಯೂ ಕೂಡ. ಹತ್ತು ನಿಮಿಷ ಕುದಿಸಿ ಅಥವಾ ಸ್ಯಾನಿಟೈಸರ್‌ನಲ್ಲಿ ಅದ್ದಿ. ಮೇಲೊಂದು ದೊಡ್ಡ ಕಣ್ಣಿನದು, ಕೆಳಗೊಂದು ಸಣ್ಣ ಕಣ್ಣಿನದು ಇಟ್ಟರೆ ಕಟ್ಟಿಕೊಳ್ಳುವುದು ಕಡಿಮೆ. ಸೋಸುವಾಗ ರಸ ಎತ್ತರದಿಂದ ಬಿದ್ದು ಗಾಳಿ ಬೆರೆಯುತ್ತದೆ. ಬೆರೆಯಲಿ, ಯೀಸ್ಟ್ ಬೆಳೆಯಲು ಆರಂಭದಲ್ಲಿ ಆಮ್ಲಜನಕ ಬೇಕೇ ಬೇಕು.

ಹುದುಗಿದ ಮೇಲೆ

ಯೀಸ್ಟ್ ಸೇರಿ ಹುದುಗಿದ ಬಿಯರ್‌ಗೆ ಅದೇ ಗಾಳಿ ಶತ್ರು. ಒಮ್ಮೆ ನಾನು ತಯಾರಾದ ಬಿಯರ್‌ನಲ್ಲಿ ಹಸಿರು ಚೂರು ತೇಲುತ್ತಿವೆ ಅಂತ ಅಡುಗೆ ಜರಡಿಯಲ್ಲಿ ಸೋಸಿದೆ. ಕನ್ನಡಿಯಂತೆ ತಿಳಿಯಾಯಿತು. ಮೂರು ವಾರದ ನಂತರ ಕುಡಿದರೆ ಒದ್ದೆ ರಟ್ಟಿನ ರುಚಿ. ಹಾಪ್ಸ್ ಘಮ ಇದ್ದ ಗುರುತೂ ಇರಲಿಲ್ಲ.

ಹಾಗಾಗಿ ಪರಿಮಳಕ್ಕೆಂದು ತಣ್ಣನೆ ಬಿಯರ್‌ಗೆ ಹಾಕುವ ಹಾಪ್ಸ್, ಅಂದರೆ ಡ್ರೈ ಹಾಪ್, ಹಾಕುವಾಗಲೇ ಚೀಲ ಸೇರಲಿ. ಚೀಲವನ್ನು ಕುದಿಸಿ, ತಣಿಸಿ. ಒಳಗೆ ಕುದಿಸಿದ ಗಾಜಿನ ಗೋಲಿಗಳನ್ನೋ ಸ್ಟೀಲ್ ತೂಕವನ್ನೋ ಹಾಕಿ, ಇಲ್ಲದಿದ್ದರೆ ಅದು ತೇಲುತ್ತದೆ. 100 ಗ್ರಾಂ ಇದ್ದರೆ 50ರ ಎರಡು ಚೀಲ ಮಾಡಿ. ಹಲ್ಲು ಶುಚಿ ಮಾಡುವ ದಾರವಿದೆಯಲ್ಲ, ಪುದೀನ ವಾಸನೆ ಇಲ್ಲದ್ದು, ಅದನ್ನು ಚೀಲಕ್ಕೆ ಕಟ್ಟಿ ತುದಿಯನ್ನು ಮುಚ್ಚಳದ ಸಂದಿಯಿಂದ ಹೊರಗೆ ಬಿಟ್ಟರೆ ಚೀಲ ಬೇಕಾದ ಎತ್ತರದಲ್ಲಿ ನಿಲ್ಲುತ್ತದೆ. ದಾರ ತೆಳು, ಮುಚ್ಚಳ ಬಿಗಿಯಾಗಿಯೇ ಕೂರುತ್ತದೆ. ಮೂರು ನಾಲ್ಕು ದಿನ ಸಾಕು.

ಕಿರಿದಾದ ಕತ್ತಿನ ಗಾಜಿನ ಜಾಡಿಯಲ್ಲಿ ಮಾತ್ರ ಚೀಲ ಬೇಡವೇ ಬೇಡ. ಹೋಗುವಾಗ ಬೆರಳಿನಷ್ಟು ಸಣ್ಣಗೆ ನುಸುಳುತ್ತದೆ, ಬರುವಾಗ ಮುಷ್ಟಿಗಿಂತ ದಪ್ಪ. ಅಲ್ಲಿ ಹಾಪ್ಸನ್ನು ಹಾಗೇ ಹಾಕಿ, ಕೊನೆಗೆ ಎರಡು ದಿನ ಫ್ರಿಜ್ಜಿನ ತಂಪಿನಲ್ಲಿಟ್ಟರೆ ಬಹುಪಾಲು ತಳ ಸೇರುತ್ತದೆ. ಬಾಟಲಿಗೆ ಇಳಿಸುವಾಗ ಸೈಫನ್ ಕೊಳವೆಯ ಒಳತುದಿಗೆ ಕುದಿಸಿದ ಜಾಲರಿ ತುಂಡು ಸುತ್ತಿ ದಾರ ಕಟ್ಟಿ. ಸೋಸುವುದು ಬಿಯರ್‌ನ ಒಳಗೇ ನಡೆಯುತ್ತದೆ, ಗಾಳಿ ತಾಗುವುದಿಲ್ಲ.

ಬಾಟಲಿಗೆ ಅವಸರ ಬೇಡ. ಹಾಪ್ಸ್‌ನಲ್ಲಿರುವ ಕಿಣ್ವಗಳು ಉಳಿದ ಪಿಷ್ಟದ ತುಣುಕುಗಳನ್ನು ಸಕ್ಕರೆ ಮಾಡಿ ಯೀಸ್ಟನ್ನು ಮತ್ತೆ ಎಬ್ಬಿಸುವುದುಂಟು. ಉಳಿದ ಸಕ್ಕರೆಯ ಅಂದಾಜು ಕೊಡುವ ಹೈಡ್ರೋಮೀಟರ್ ಅಳತೆ ಎರಡು ಮೂರು ದಿನ ಅಲುಗದೆ ನಿಂತ ಮೇಲೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಬಾಟಲಿ ಸಿಡಿದೀತು.

ಚೀಲವನ್ನು ಅವತ್ತೇ ಒಳಮೈ ಹೊರಗೆ ಮಾಡಿ ತೊಳೆದು ಒಣಗಿಸಿ. ಮರುದಿನಕ್ಕೆ ಬಿಟ್ಟರೆ ಅಂಟಾದ ಪುಡಿ ಜಾಲರಿ ಬಿಡುವುದಿಲ್ಲ. ಮನೆಯಲ್ಲಿ ನಾಯಿ ಇದ್ದರೆ ಆ ಚರಟವನ್ನು ತೆರೆದ ಕಸದ ಬುಟ್ಟಿಗೂ ಗಿಡದ ಬುಡಕ್ಕೂ ಹಾಕಬೇಡಿ. ಹಾಪ್ಸ್ ನಾಯಿಗೆ ವಿಷ, ಮೈಬಿಸಿ ವಿಪರೀತ ಏರಿ ಸತ್ತೇ ಹೋಗಬಹುದು. ಬೇಯಿಸಿದ್ದಾದರೂ ಅಷ್ಟೇ. ಗಂಟು ಕಟ್ಟಿ, ಮುಚ್ಚಳವಿರುವ ಡಬ್ಬಕ್ಕೆ ಹಾಕಿ.